ರೀಬೂಟ್ ಆದ ಮೇಲೆ ಸ್ಕ್ರಿಪ್ಟ್ ಓಡಲ್ಲ ಅನ್ನುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಕೂತು ಒಂದಷ್ಟು ಸಣ್ಣ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಟೊಮೆಟೊ ಮಂಡಿಯೊಂದರ ಬಿಲ್ಲಿಂಗ್ ಮಷೀನ್, ಒಂದು ಲ್ಯಾಬ್‌ನ ರಿಪೋರ್ಟ್ ಸರ್ವರ್, ಬಂಗಾರಪೇಟೆ ಕಡೆ ಒಂದು ಕಾಲೇಜಿನ ಹಳೇ ಡಬ್ಬ, ಹೀಗೆ. ರಾತ್ರಿ ಕರೆಂಟ್ ಹೋಗಿ ಬಂತು ಅಂದರೆ ಬೆಳಗ್ಗೆ ಫೋನ್ ಗ್ಯಾರಂಟಿ. ಎಲ್ಲರದೂ ಹೆಚ್ಚುಕಮ್ಮಿ ಒಂದೇ ಮಾತು: "ಮಷೀನ್ ಆನ್ ಆಗಿದೆ, ನಮ್ಮ ಪ್ರೋಗ್ರಾಮ್ ಮಾತ್ರ ಎದ್ದಿಲ್ಲ." ಬೂಟ್ ಆಗುವಾಗ, ಅಂದರೆ ಮಷೀನ್ ಆನ್ ಆಗಿ ಏಳುವಾಗ, ಪ್ರೋಗ್ರಾಮನ್ನು ಎಬ್ಬಿಸಬೇಕಾದ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಓಡಿರುವುದಿಲ್ಲ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ನೀವು ಇಂಗ್ಲಿಷ್‌ನಲ್ಲೇ ಹೊಡೆಯಬೇಕು, ಅದು ಹೇಳಬೇಕಾಗಿಲ್ಲ ಅಲ್ವಾ.

ಕೈಯಲ್ಲಿ ಓಡಿಸಿದ್ರೆ ಚೆನ್ನಾಗಿ ಓಡುತ್ತೆ. ಬೂಟ್ ಆಗುವಾಗ ಮಾತ್ರ ಓಡಲ್ಲ. ಯಾಕೆ?

ನೂರಕ್ಕೆ ತೊಂಬತ್ತು ಜನ ಇಲ್ಲಿಂದಲೇ ಶುರು ಮಾಡುತ್ತಾರೆ. ಕೈಯಲ್ಲಿ ಓಡಿತು ಅನ್ನುವುದು ಏನನ್ನೂ ತೋರಿಸಿಕೊಡುವುದಿಲ್ಲ, ಇದನ್ನು ಮೊದಲು ಒಪ್ಪಿಕೊಳ್ಳಿ. ನೀವು ಲಾಗಿನ್ ಆದಾಗ ಶೆಲ್ (ನೀವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್, ಬ್ಯಾಶ್ ಅಂಥದ್ದು) ನಿಮ್ಮ '.ಬ್ಯಾಶ್_ಪ್ರೊಫೈಲ್' ಓದುತ್ತದೆ, ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಾದ 'ಪಾತ್' ತುಂಬುತ್ತದೆ, ಜಾವಾ ಎಲ್ಲಿದೆ, ಡೇಟಾಬೇಸ್ ಎಲ್ಲಿದೆ ಅಂತ ಎಲ್ಲ ಹೊಂದಿಸಿಕೊಡುತ್ತದೆ, ನೀವು ಯಾವ ಫೋಲ್ಡರ್‌ನಲ್ಲಿ ನಿಂತಿದ್ದೀರೋ ಅಲ್ಲಿಂದಲೇ ಸ್ಕ್ರಿಪ್ಟ್ ಹೊರಡುತ್ತದೆ. ಬೂಟ್ ಸಮಯದಲ್ಲಿ ಇದ್ಯಾವುದೂ ಇಲ್ಲ. ಕರೆಯುವುದು ಒಂದನೇ ನಂಬರಿನ ಪ್ರೊಸೆಸ್, ಅಂದರೆ ಬೂಟ್‌ನಲ್ಲಿ ಮೊದಲು ಎದ್ದು ಉಳಿದವರನ್ನೆಲ್ಲ ಎಬ್ಬಿಸುವ ಇನಿಟ್ (ಹಳೇ ಮಷೀನ್) ಅಥವಾ ಸಿಸ್ಟಮ್‌ಡಿ (ಹೊಸದು). ಅದಕ್ಕೆ ನಿಮ್ಮ ಪ್ರೊಫೈಲ್ ಗೊತ್ತಿಲ್ಲ. ನಿಂತಿರುವ ಜಾಗ ಸಾಮಾನ್ಯವಾಗಿ '/'. ನಿಮ್ಮ ಫೋಲ್ಡರ್ ಎಲ್ಲಿದೆ ಅಂತ ಹೇಳುವ 'ಹೋಮ್' ಕೂಡ ಖಾಲಿ ಇರಬಹುದು. ಎದುರಿಗೆ ಟರ್ಮಿನಲ್ಲೂ ಇಲ್ಲ.

ಹಾಗಾಗಿ ಸ್ಕ್ರಿಪ್ಟ್ ಒಳಗೆ ಬರೀ 'ಜಾವಾ' ಅಂತ ಬರೆದಿದ್ದರೆ ಸಿಗದೇ ಹೋಗಬಹುದು. ಪೂರ್ತಿ ದಾರಿ ಬರೆಯಿರಿ. './ಕಾನ್ಫಿಗ್' ಅಂತ ಇದ್ದರೆ ಅದಕ್ಕೂ ಮುಂಚೆ 'ಸಿಡಿ' ಹಾಕಿ. ಮನೆಯಲ್ಲೇ ಪರೀಕ್ಷೆ ಮಾಡಬೇಕು ಅಂದರೆ 'ಸಿಡಿ /' ಕೊಟ್ಟು, ಆಮೇಲೆ 'ಎನ್ವ್ -ಐ /ಬಿನ್/ಎಸ್ಎಚ್' ಮುಂದೆ ಸ್ಕ್ರಿಪ್ಟ್ ಹೆಸರು ಕೊಟ್ಟು ಓಡಿಸಿ. ಅಲ್ಲಿ -ಐ ಅಂದರೆ ಪರಿಸರವನ್ನೆಲ್ಲ ಕಿತ್ತು ಬಿಸಾಕು ಅಂತ. ಹೀಗೆ ಓಡಿಸಿದಾಗ ಬಿದ್ದರೆ ಬೂಟ್‌ನಲ್ಲೂ ಅಲ್ಲೇ ಬೀಳುತ್ತಿದೆ ಅಂತ ಧೈರ್ಯವಾಗಿ ಅಂದುಕೊಳ್ಳಬಹುದು.

ಎಲ್ಲಿಂದ ಹುಡುಕೋಕೆ ಶುರು ಮಾಡ್ಲಿ?

ಒಂದೇ ಪ್ರಶ್ನೆ: ಸ್ಕ್ರಿಪ್ಟನ್ನು ಯಾರಾದರೂ ಕರೆದರಾ, ಕರೆದ ಮೇಲೆ ಅದು ಬಿತ್ತಾ? ಇವೆರಡೂ ಬೇರೆ ಬೇರೆ ಕಾಯಿಲೆ. ಕರೆದೇ ಇಲ್ಲದ ಸ್ಕ್ರಿಪ್ಟ್ ಒಳಗೆ ಕೂತು ತಪ್ಪು ಹುಡುಕಿ ರಾತ್ರಿಯೆಲ್ಲ ಕಳೆದವರನ್ನು ನೋಡಿದ್ದೇನೆ. ಅದರಲ್ಲಿ ನಾನೂ ಒಬ್ಬ.

'#!' ಇರುವ ಮೊದಲ ಸಾಲಿನ (ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಮ್ ಓಡಿಸಬೇಕು ಅಂತ ಹೇಳುವ ಸಾಲು) ಕೆಳಗೆ ಈ ಸಾಲು ಹಾಕಿ: 'ಎಕ್ಸೆಕ್ >>/ವಾರ್/ಲಾಗ್/ಮಂಡಿ.ಲಾಗ್ 2>&1'. ಅದರ ಕೆಳಗೆ 'ಡೇಟ್', 'ಐಡಿ', 'ಪಿಡಬ್ಲ್ಯೂಡಿ', 'ಎನ್ವ್', ಕೊನೆಗೆ 'ಸೆಟ್ -ಎಕ್ಸ್'. ರೀಬೂಟ್ ಮಾಡಿ. ಲಾಗ್ ಫೈಲಿನಲ್ಲಿ ಹೊಸ ತಾರೀಖು ಬಂದಿಲ್ಲ ಅಂದರೆ ಸ್ಕ್ರಿಪ್ಟ್ ಒಳಗೆ ಯಾರೂ ಕಾಲೇ ಇಟ್ಟಿಲ್ಲ. ಬಂದಿದ್ದರೆ ಯಾವ ಯೂಸರ್ ಆಗಿ ಓಡಿತು, ಎಲ್ಲಿ ನಿಂತಿತ್ತು, ಯಾವ ಸಾಲಿನಲ್ಲಿ ನಿಂತುಹೋಯಿತು, ಎಲ್ಲ ಅದರಲ್ಲೇ ಇರುತ್ತದೆ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಅಲ್ಲದ ಯೂಸರ್ ಆಗಿ ಓಡುವ ಸ್ಕ್ರಿಪ್ಟ್‌ಗೆ /ವಾರ್/ಲಾಗ್‌ನಲ್ಲಿ ಬರೆಯಲು ಆಗುವುದಿಲ್ಲ, ಆ ಯೂಸರ್‌ಗೆ ಬರೆಯಲು ಬರುವ ಜಾಗ ಕೊಡಿ. /ಟಿಎಂಪಿ ಮಾತ್ರ ಬೇಡ. ಕೆಲವು ಕಡೆ ಬೂಟ್ ಆಗುವಾಗ ಅದನ್ನು ಖಾಲಿ ಮಾಡುತ್ತಾರೆ. ಸಿಸ್ಟಮ್‌ಡಿಯಲ್ಲಿ 'ಪ್ರೈವೇಟ್‌ಟಿಎಂಪಿ' ಹಾಕಿದ್ದರೆ ನಿಮ್ಮ ಸ್ಕ್ರಿಪ್ಟ್ ನೋಡುವ /ಟಿಎಂಪಿ ಬೇರೆ, ನೀವು ನೋಡುವ /ಟಿಎಂಪಿ ಬೇರೆ.

'ಆರ್‌ಸಿ.ಲೋಕಲ್'ನಲ್ಲಿ ಸಾಲು ಹಾಕಿದ್ದೀನಿ, ಏನೂ ಆಗ್ತಿಲ್ಲ.

ಅದು ಬೂಟ್ ಆಗುವಾಗ ಓಡುವ, ನಮ್ಮ ಸಾಲು ಸೇರಿಸಲು ಬಿಟ್ಟಿರುವ ಸ್ಕ್ರಿಪ್ಟ್. ಅದರ ಕೊನೆಯ ಸಾಲು ನೋಡಿ. ಅಲ್ಲಿ 'ಎಕ್ಸಿಟ್ 0' ಇದೆಯಾ? ನಿಮ್ಮ ಸಾಲು ಅದರ ಕೆಳಗಿದೆಯಾ? ಹಾಗಿದ್ದರೆ ಕಥೆ ಮುಗಿಯಿತು, 'ಎಕ್ಸಿಟ್' ಅಂದರೆ ಅಲ್ಲಿಗೇ ಹೊರಟುಹೋಗು ಅಂತ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳು ಕೊಡುತ್ತಿದ್ದ ಹಳೇ ಫೈಲಿನಲ್ಲಿ ಈ ಸಾಲು ಇದ್ದೇ ಇರುತ್ತಿತ್ತು. ನಾನು ಒಂದು ಸಲ 'ಎಕೋ' ಮಾಡಿ ಎರಡು '>' ಹಾಕಿ ಫೈಲಿನ ತುದಿಗೆ ಸಾಲು ಸೇರಿಸಿದೆ, ಬಹಳ ಬುದ್ಧಿವಂತ ಅಂದುಕೊಂಡು. ಅದು ಹೋಗಿ 'ಎಕ್ಸಿಟ್ 0' ಕೆಳಗೆ ಕೂತಿತು. ಎರಡು ವಾರ ಬ್ಯಾಕಪ್ಪೇ ಆಗಿರಲಿಲ್ಲ.

ಎರಡನೆಯದು ಮೊದಲ ಸಾಲು. '#!/ಬಿನ್/ಎಸ್ಎಚ್ -ಇ' ಅಂತ ಇರುತ್ತದೆ. ಆ -ಇ ಅಂದರೆ, ಯಾವ ಕಮಾಂಡ್ ಮೊದಲು ಸೋಲುತ್ತದೋ ಅಲ್ಲಿಗೇ ನಿಲ್ಲು ಅಂತ. ಮೇಲೆ ಯಾರೋ ಎರಡು ವರ್ಷದ ಹಿಂದೆ ಹಾಕಿದ ಪ್ರಿಂಟರ್ ಸಾಲು ಸೋತರೂ ಸಾಕು, ಕೆಳಗಿರುವ ನಿಮ್ಮ ಸಾಲಿಗೆ ಸರದಿ ಬರುವುದೇ ಇಲ್ಲ. ನಿಮ್ಮ ಸಾಲಿನಲ್ಲಿ ತಪ್ಪೇ ಇರುವುದಿಲ್ಲ, ಆದರೂ ಗಂಟೆಗಟ್ಟಲೆ ಅದನ್ನೇ ನೋಡುತ್ತಾ ಕೂರುತ್ತೀರಿ.

ಮೂರನೆಯದು ಅನುಮತಿ. 2014ರಲ್ಲಿ ಬಂದ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಿಂದ ಈಚೆಗೆ ಈ ಫೈಲ್ ಇರುತ್ತದೆ, ಆದರೆ ಓಡುವ ಅನುಮತಿ ಇರುವುದಿಲ್ಲ. 'ಸಿಎಚ್‌ಮಾಡ್ +ಎಕ್ಸ್ /ಇಟಿಸಿ/ಆರ್‌ಸಿ.ಡಿ/ಆರ್‌ಸಿ.ಲೋಕಲ್' ಕೊಡದಿದ್ದರೆ ಸಿಸ್ಟಮ್‌ಡಿ ಅದನ್ನು ಸುಮ್ನೆ ದಾಟಿಕೊಂಡು ಹೋಗುತ್ತದೆ. ಎರರ್ ಕೂಡ ಕೊಡುವುದಿಲ್ಲ. ಹೊಸ ಉಬುಂಟುವಿನಲ್ಲಿ ಫೈಲೇ ಇರುವುದಿಲ್ಲ, ನೀವೇ ಮಾಡಿ '#!' ಸಾಲು ಬರೆದು ಅನುಮತಿ ಕೊಡಬೇಕು. ನನ್ನನ್ನು ಕೇಳಿದರೆ ಹೊಸ ಮಷೀನ್‌ಗೆ ಇದನ್ನು ಬಿಟ್ಟುಬಿಡಿ, ಏನನ್ನು, ಯಾವಾಗ, ಯಾವ ಯೂಸರ್ ಆಗಿ ಓಡಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಒಂದು ಯೂನಿಟ್ ಫೈಲ್ ಬರೆಯಿರಿ. ಹತ್ತು ಸಾಲು, ಅಷ್ಟೇ.

ಫೈಲ್ ಕಣ್ಣೆದುರಿಗೇ ಇದೆ, 'ಅಂಥ ಫೈಲ್ ಇಲ್ಲ' ಅಂತಾನೆ. ಹುಚ್ಚು ಹಿಡಿಯೋದು ಬಾಕಿ.

ವಿಂಡೋಸ್‌ನಲ್ಲಿ ಟೈಪ್ ಮಾಡಿ ತಂದಿದ್ದೀರಿ, ಸರಿ ತಾನೆ? ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಯುನಿಕ್ಸ್‌ಗೆ ಒಂದೇ ಸಾಕು. ಜಾಸ್ತಿ ಇರುವ ಆ ಒಂದು ಗುರುತು ಕಣ್ಣಿಗೆ ಕಾಣದೆ ಮೊದಲ ಸಾಲಿಗೆ ಅಂಟಿಕೊಂಡಿರುತ್ತದೆ. ಆಗ ಕರ್ನಲ್ (ಲಿನಕ್ಸ್‌ನ ತಿರುಳು) ಹುಡುಕುವುದು '/ಬಿನ್/ಬ್ಯಾಶ್' ಅನ್ನಲ್ಲ, ಬಾಲ ಅಂಟಿದ ಇನ್ಯಾವುದೋ ಹೆಸರನ್ನು. ಅದು ಎಲ್ಲಿದೆ? ಇಲ್ಲ. ಅದಕ್ಕೇ ಇಲ್ಲ ಅನ್ನುತ್ತದೆ, ಪಾಪ, ನಿಜವನ್ನೇ ಹೇಳುತ್ತದೆ. ನಿಮ್ಮ ಸ್ಕ್ರಿಪ್ಟ್ ಇಲ್ಲ ಅಂತಲ್ಲ, ಅದನ್ನು ಓಡಿಸಬೇಕಾದವನು ಇಲ್ಲ ಅಂತ.

'ಕ್ಯಾಟ್ -ವಿ' ಕೊಟ್ಟರೆ ಸಾಲಿನ ಕೊನೆಯಲ್ಲಿ '^ಎಂ' ಕಾಣುತ್ತದೆ. 'ಡಾಸ್2ಯುನಿಕ್ಸ್' ಕೊಡಿ, ಹೋಗುತ್ತದೆ.

ಇದರ ಅಣ್ಣ ಇನ್ನೊಬ್ಬ ಇದ್ದಾನೆ. ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಬಾಮ್ ಅಂತ ಸೇವ್ ಆಗಿದ್ದರೆ ಫೈಲಿನ ತಲೆಯ ಮೇಲೆ ಮೂರು ಬೈಟ್ ಕೂತಿರುತ್ತವೆ. ಕರ್ನಲ್ ನೋಡುವುದು ಮೊದಲ ಎರಡು ಬೈಟ್ '#!' ಹೌದಾ ಅಂತ. ಅಲ್ಲ. ಮಜಾ ಏನೆಂದರೆ, ಇದೇ ಫೈಲನ್ನು ಕೈಯಲ್ಲಿ ಓಡಿಸಿದರೆ ನಿಮ್ಮ ಬ್ಯಾಶ್ ದೊಡ್ಡ ಮನಸ್ಸು ಮಾಡಿ ತಾನೇ ಓದಿ ಓಡಿಸಿಬಿಡುತ್ತದೆ, ಮೊದಲ ಸಾಲಿಗೆ ಮಾತ್ರ ಏನೋ ಗೊಣಗುತ್ತದೆ. ಸಿಸ್ಟಮ್‌ಡಿಗೆ ಅಂಥ ದಾಕ್ಷಿಣ್ಯ ಇಲ್ಲ, '203/ಎಕ್ಸೆಕ್' ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ. '#!' ಸಾಲನ್ನೇ ಮರೆತಿದ್ದರೂ ಹೀಗೇ ಆಗುತ್ತದೆ.

'203/ಎಕ್ಸೆಕ್' ಅಂದ್ರೆ ಯಾವಾಗಲೂ ಇದೇನಾ?

ಇಲ್ಲ. ಸ್ಕ್ರಿಪ್ಟನ್ನು ಶುರು ಮಾಡಲೇ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಓಡುವ ಅನುಮತಿ ಇಲ್ಲದಿರಬಹುದು, ದಾರಿ ತಪ್ಪಿರಬಹುದು, ಫೈಲ್ ಇರುವ ಡಿಸ್ಕ್ 'ನೋಎಕ್ಸೆಕ್' (ಇಲ್ಲಿಂದ ಏನೂ ಓಡಿಸಬೇಡ) ಅಂತ ಮೌಂಟ್ ಆಗಿರಬಹುದು. ರೆಡ್‌ಹ್ಯಾಟ್ ಬಳಗದ ಮಷೀನ್ ಆದರೆ ಎಸ್‌ಇಲಿನಕ್ಸ್ ಮೇಲೆ ಒಂದು ಕಣ್ಣಿಡಿ, ಪ್ರತಿ ಫೈಲಿಗೂ ಲೇಬಲ್ ಅಂಟಿಸಿ ಯಾರು ಏನು ಮುಟ್ಟಬಹುದು ಅಂತ ಕಾಯುವ ಕಾವಲುಗಾರ ಅದು. ಹೋಮ್ ಫೋಲ್ಡರ್‌ನಲ್ಲಿ ಬರೆದ ಸ್ಕ್ರಿಪ್ಟನ್ನು 'ಎಂವಿ' ಮಾಡಿ /ಯುಎಸ್ಆರ್/ಲೋಕಲ್/ಬಿನ್‌ಗೆ ಸಾಗಿಸಿದರೆ ಹಳೇ ಲೇಬಲ್ ಜೊತೆಯಲ್ಲೇ ಬರುತ್ತದೆ. 'ಸಿಪಿ' ಮಾಡಿದರೆ ಹೊಸ ಜಾಗದ ಲೇಬಲ್ ಸಿಗುತ್ತದೆ. 'ಎಲ್ಎಸ್ -ಝಡ್' ಕೊಟ್ಟು ನೋಡಿ, 'ರಿಸ್ಟೋರ್‌ಕಾನ್' ಕೊಟ್ಟು ಸರಿ ಮಾಡಿ. ಎಸ್‌ಇಲಿನಕ್ಸನ್ನೇ ಪೂರ್ತಿ ಆಫ್ ಮಾಡಿಬಿಡಿ ಅಂತ ಹೇಳುವವರ ಮಾತು ಕೇಳಬೇಡಿ.

'217/ಯೂಸರ್' ಬಂದರೆ ಯೂನಿಟ್ ಫೈಲಿನಲ್ಲಿ ಬರೆದ ಯೂಸರ್ ಇಲ್ಲ. '200/ಸಿಎಚ್‌ಡಿಐಆರ್' ಬಂದರೆ ಕೆಲಸದ ಫೋಲ್ಡರ್ ಇಲ್ಲ. 127 ಬಂದರೆ ಒಳಗಿನ ಯಾವುದೋ ಕಮಾಂಡ್ ಸಿಕ್ಕಿಲ್ಲ, ಮತ್ತೆ ಪಾತ್ ಕಥೆ.

ಬ್ಯಾಶ್‌ನಲ್ಲಿ ಬರೆದ ಸ್ಕ್ರಿಪ್ಟ್ ಉಬುಂಟುವಿನಲ್ಲಿ 'ಸಿಂಟ್ಯಾಕ್ಸ್ ಎರರ್' ಕೊಡುತ್ತೆ.

2006ರ ಉಬುಂಟು 6.10ರಿಂದ ಅಲ್ಲಿ '/ಬಿನ್/ಎಸ್ಎಚ್' ಅಂದರೆ ಬ್ಯಾಶ್ ಅಲ್ಲ, ಡ್ಯಾಶ್ ಎಂಬ ಇನ್ನೊಂದು ಶೆಲ್. ಜೋಡಿ ಚೌಕ ಬ್ರಾಕೆಟ್, ಅರೇ, 'ಸೋರ್ಸ್', ಇದ್ಯಾವುದೂ ಅದಕ್ಕೆ ಬರುವುದಿಲ್ಲ. ಮೊದಲ ಸಾಲಿನಲ್ಲಿ ಬ್ಯಾಶ್ ಅಂತಲೇ ಬರೆಯಿರಿ.

ಕರೆಂಟ್ ಹೋಗಿ ಬಂದ ದಿನ ಮಾತ್ರ ಎದ್ದೇಳಲ್ಲ. ನಾವೇ ರೀಬೂಟ್ ಮಾಡಿದ್ರೆ ಏಳುತ್ತೆ. ಇದೆಂಥ ಮಾಯ?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾನೇ ಪೆಟ್ಟು ತಿಂದಿರುವುದು.

ಜುಲೈ ತಿಂಗಳು, ಸೀಸನ್ ಜೋರಾಗಿತ್ತು. ಮಂಡಿಯ ಮುಂದೆ ಹದಿನೈದು ಕೆಜಿ ಬಾಕ್ಸ್‌ಗಳು ಆಳೆತ್ತರ ಪೇರಿಸಿದ್ದವು, ಹರಾಜು ಕೂಗುವವರು ಆಗಲೇ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ರಾತ್ರಿ ಎರಡು ಸಲ ಕರೆಂಟ್ ಹೋಗಿತ್ತು, ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಗುಮಾಸ್ತರು ಫೋನ್ ಮಾಡಿ "ಅಣ್ಣಾ, ಬಿಲ್ ಬರ್ತಿಲ್ಲ, ರೈತರು ನಿಂತವ್ರೆ, ಬೇಗ ಬಾರಣ್ಣಾ" ಅಂದರು. ಹೋಗಿ ನೋಡಿದರೆ ಮಷೀನ್ ಆರಾಮಾಗಿ ಓಡುತ್ತಿದೆ. ಸ್ಟಾರ್ಟ್ ಸ್ಕ್ರಿಪ್ಟ್ ಕೊಟ್ಟೆ. "ಆಗಲೇ ಓಡುತ್ತಿದೆ" ಅಂತ ಉತ್ತರ ಬಂತು. ಎಲ್ಲಿ ಓಡುತ್ತಿದೆ? 'ಪಿಎಸ್' ಕೊಟ್ಟರೆ ಬಿಲ್ಲಿಂಗ್ ಪ್ರೋಗ್ರಾಮಿನ ಸುಳಿವೇ ಇಲ್ಲ. ಅಲ್ಲೀವರೆಗೂ ಗುಮಾಸ್ತರು ಕಾರ್ಬನ್ ಹಾಕಿ ಕೈಯಲ್ಲೇ ಚೀಟಿ ಬರೆಯುತ್ತಿದ್ದರು, ಪ್ರತಿ ಚೀಟಿಗೂ ಒಂದು ಸಲ ನನ್ನ ಕಡೆ ನೋಡುತ್ತಾ.

ಆಗಿದ್ದಿಷ್ಟು. ಪ್ರೋಗ್ರಾಮ್ ಏಳುವಾಗ ತನ್ನ ಪ್ರೊಸೆಸ್ ನಂಬರನ್ನು ಒಂದು ಪಿಐಡಿ ಫೈಲಿನಲ್ಲಿ ಬರೆದಿಡುತ್ತದೆ, ನಿಲ್ಲುವಾಗ ಅಳಿಸುತ್ತದೆ. ಕರೆಂಟ್ ಹೋದಾಗ ಅಳಿಸುವವರು ಯಾರು? ಫೈಲ್ ಡಿಸ್ಕಿನಲ್ಲೇ ಉಳಿಯಿತು. ಮರಳಿ ಎದ್ದಾಗ ಸ್ಕ್ರಿಪ್ಟ್ ಆ ಫೈಲ್ ನೋಡಿ, ಓಡುತ್ತಿದೆಯಲ್ಲ ಅಂತ ಸುಮ್ಮನಾಯಿತು. ಆ ನಂಬರಿನ ಪ್ರೊಸೆಸ್ ಬದುಕಿದೆಯಾ ಅಂತ ಸ್ಕ್ರಿಪ್ಟ್ ನೋಡುತ್ತಿದ್ದದ್ದೂ ನಿಜ. ಆದರೆ ಬೂಟ್ ಆದ ಮೇಲೆ ಅದೇ ನಂಬರ್ ಇನ್ಯಾವುದಕ್ಕೋ ಸಿಕ್ಕಿತ್ತು. ನಂಬರ್ ಒಂದೇ, ಆಸಾಮಿ ಬೇರೆ. ಬರೀ ನಂಬರ್ ನೋಡಿ ನಂಬಬಾರದು, ಆ ಪ್ರೊಸೆಸ್‌ನ ಹೆಸರನ್ನೂ ನೋಡಬೇಕು.

ಫೈಲ್ ಅಳಿಸಿ ಸ್ಟಾರ್ಟ್ ಕೊಟ್ಟೆ, ಎದ್ದಿತು. ಕಾಫಿ ಅವರದೇ.

ಶಾಶ್ವತವಾಗಿ ಸರಿಯಾಗಬೇಕು ಅಂದರೆ ಪಿಐಡಿ ಫೈಲನ್ನು '/ರನ್' ಒಳಗೆ ಇಡಿ. ಹೊಸ ಲಿನಕ್ಸ್‌ಗಳಲ್ಲಿ ಅದು ಮೆಮೊರಿಯಲ್ಲಿರುತ್ತದೆ, ಕರೆಂಟ್ ಹೋದರೆ ತಾನಾಗಿ ಖಾಲಿ. ಆದರೆ ಇಲ್ಲಿ ಉಲ್ಟಾ ಹೊಡೆತ ಒಂದಿದೆ: '/ರನ್/ಮಂಡಿ' ಅಂತ ನೀವು ಕೈಯಾರೆ ಮಾಡಿದ ಫೋಲ್ಡರ್ ಕೂಡ ಪ್ರತಿ ಬೂಟ್‌ಗೂ ಮಾಯವಾಗುತ್ತದೆ. ಇವತ್ತು ಓಡಿತು, ನಾಳೆ ಬೂಟ್ ಆದ ಮೇಲೆ ಬರೆಯಲು ಜಾಗ ಇಲ್ಲ ಅಂತ ಬೀಳುತ್ತದೆ. ಯೂನಿಟ್ ಫೈಲಿನಲ್ಲಿ 'ರನ್‌ಟೈಮ್‌ಡೈರೆಕ್ಟರಿ=ಮಂಡಿ' ಅಂತ ಹಾಕಿದರೆ ಸಿಸ್ಟಮ್‌ಡಿಯೇ ಪ್ರತಿ ಸಲ ಮಾಡಿಕೊಡುತ್ತದೆ. ಮತ್ತೆ, ದಯವಿಟ್ಟು ಯುಪಿಎಸ್ ಬ್ಯಾಟರಿ ಬದಲಾಯಿಸಿ.

ಡೇಟಾಬೇಸ್ ಸಿಗಲಿಲ್ಲ ಅಂತ ಬೀಳುತ್ತೆ. ಒಂದು ನಿಮಿಷ ಬಿಟ್ಟು ಓಡಿಸಿದ್ರೆ ಸರಿ.

ಸರದಿ ತಪ್ಪಿದೆ. ನಿಮ್ಮ ಸ್ಕ್ರಿಪ್ಟ್ ಎದ್ದಾಗ ನೆಟ್‌ವರ್ಕ್ ಇನ್ನೂ ಕಣ್ಣುಜ್ಜುತ್ತಿರುತ್ತದೆ. ಸಿಸ್ಟಮ್‌ಡಿಯಲ್ಲಿ 'ನೆಟ್‌ವರ್ಕ್.ಟಾರ್ಗೆಟ್' ಆದ ಮೇಲೆ ಅಂತ ಬರೆದರೆ ಐಪಿ ಸಿಕ್ಕಿದೆ ಅಂತ ಅರ್ಥ ಅಲ್ಲ. 'ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್' ಅಂತ 'ಆಫ್ಟರ್' ಮತ್ತು 'ವಾಂಟ್ಸ್' ಎರಡರಲ್ಲೂ ಹಾಕಬೇಕು. 'ಆಫ್ಟರ್' ಸರದಿ ಮಾತ್ರ ಹೇಳುತ್ತದೆ, ಎಬ್ಬಿಸುವುದಿಲ್ಲ. 'ವಾಂಟ್ಸ್' ಎಬ್ಬಿಸುತ್ತದೆ, ಸರದಿ ಹೇಳುವುದಿಲ್ಲ.

ಡೇಟಾಬೇಸ್ ಬೇರೆ ಮಷೀನ್‌ನಲ್ಲಿದ್ದರೆ ಇದೂ ಸಾಲದು. ಕರೆಂಟ್ ಬಂದಾಗ ಎರಡೂ ಮಷೀನ್ ಒಟ್ಟಿಗೇ ಏಳುತ್ತವೆ, ಯಾವುದು ಮೊದಲು ಅಂತ ಯಾರೂ ಬರೆದುಕೊಟ್ಟಿಲ್ಲ. ಆಗ ಸ್ಕ್ರಿಪ್ಟ್ ಒಳಗೇ ಸುತ್ತು ಹಾಕಿ, ಸಿಗುವವರೆಗೂ ಎರಡೆರಡು ಸೆಕೆಂಡಿಗೆ ಕೇಳುವಂತೆ ಮಾಡಿ, ಐದು ನಿಮಿಷ ಆದ ಮೇಲೂ ಇಲ್ಲ ಅಂದರೆ ಕೈಬಿಡುವಂತೆ ಬರೆಯಿರಿ. 'ಸ್ಲೀಪ್ 60' ಹಾಕಿ ಕೈಮುಗಿಯುವುದು ನನಗೆ ಇಷ್ಟವಿಲ್ಲ. ಹಾಕಿದ್ದೇನೆ, ಸುಳ್ಳು ಹೇಳಲ್ಲ.

ಬಿದ್ದರೆ ಮತ್ತೆ ಎಬ್ಬಿಸು ಅಂತ 'ರೀಸ್ಟಾರ್ಟ್=ಆನ್-ಫೇಲ್ಯೂರ್' ಹಾಕುವವರು, ಎಷ್ಟು ಸೆಕೆಂಡ್ ಬಿಟ್ಟು ಎಬ್ಬಿಸಬೇಕು ಅಂತ ಹೇಳುವ 'ರೀಸ್ಟಾರ್ಟ್‌ಸೆಕ್' ಕೂಡ ಹಾಕಿ. ಸುಮ್ಮನೆ ಬಿಟ್ಟರೆ ಹತ್ತು ಸೆಕೆಂಡಿನಲ್ಲಿ ಐದು ಸಲ ಬಿದ್ದ ಕೂಡಲೇ ಸಿಸ್ಟಮ್‌ಡಿ ಇನ್ನು ಎಬ್ಬಿಸುವುದಿಲ್ಲ ಅಂತ ಹಠ ಹಿಡಿಯುತ್ತದೆ. 'ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್' ಕೊಟ್ಟರೆ ಮತ್ತೆ ಮಾತು ಕೇಳುತ್ತದೆ.

ಯೂನಿಟ್ ಫೈಲ್ ಬರೆದೆ, 'ಸ್ಟಾರ್ಟ್' ಕೊಟ್ಟೆ, ಓಡಿತು. ರೀಬೂಟ್ ಆದ್ಮೇಲೆ ಇಲ್ಲ.

'ಸ್ಟಾರ್ಟ್' ಇವತ್ತಿಗೆ, 'ಎನೇಬಲ್' ಮುಂದಿನ ಬೂಟ್‌ಗಳಿಗೆ. ಎರಡೂ ಬೇಕು. 'ಎನೇಬಲ್' ಕೊಟ್ಟಾಗ ಏನೋ ಉದ್ದಕ್ಕೆ ಗೊಣಗಿದರೆ ಫೈಲಿನ ಕೊನೆಯಲ್ಲಿ 'ಇನ್‌ಸ್ಟಾಲ್' ಭಾಗ ಇಲ್ಲ, 'ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್' ಹಾಕಿ. ಫೈಲ್ ತಿದ್ದಿದ ಮೇಲೆ 'ಡೀಮನ್-ರೀಲೋಡ್' ಮರೆಯಬೇಡಿ.

ಓಡುತ್ತೆ, ಆದರೆ ತಕ್ಷಣ ಸಾಯುತ್ತೆ. ಎರರ್ರೂ ಇಲ್ಲ.

ಸ್ಕ್ರಿಪ್ಟಿನ ಕೊನೆಗೆ '&' ಹಾಕಿ ಪ್ರೋಗ್ರಾಮನ್ನು ಹಿಂದಕ್ಕೆ ತಳ್ಳಿದ್ದೀರಿ. ಆರ್‌ಸಿ.ಲೋಕಲ್‌ನಲ್ಲಿ ಅದು ನಡೆಯುತ್ತಿತ್ತು. ನಿಮ್ಮದೇ ಯೂನಿಟ್‌ನಲ್ಲಿ 'ಟೈಪ್' ಬರೆಯದಿದ್ದರೆ ಅದು 'ಸಿಂಪಲ್'. ಅಂದರೆ, ಕರೆದ ಸ್ಕ್ರಿಪ್ಟೇ ಮುಖ್ಯ ಪ್ರೊಸೆಸ್ ಅಂತ ಸಿಸ್ಟಮ್‌ಡಿ ಅಂದುಕೊಳ್ಳುತ್ತದೆ. ಸ್ಕ್ರಿಪ್ಟ್ ಮುಗಿಯಿತಾ, ಕೆಲಸ ಮುಗಿಯಿತು ಅಂತ ಆ ಗುಂಪಿನಲ್ಲಿ ಉಳಿದವರನ್ನೆಲ್ಲ ಗುಡಿಸಿಹಾಕುತ್ತದೆ. '&' ತೆಗೆಯಿರಿ, ಕೊನೆಯ ಸಾಲಿನಲ್ಲಿ 'ಎಕ್ಸೆಕ್' ಹಾಕಿ ಪ್ರೋಗ್ರಾಮನ್ನು ಮುಂದೆಯೇ ಓಡಿಸಿ. ಒಂದು ಸಲ ಮಾಡಿ ಮುಗಿಸುವ ಕೆಲಸ ಆದರೆ 'ಒನ್‌ಶಾಟ್' ಮತ್ತು 'ರಿಮೇನ್‌ಆಫ್ಟರ್‌ಎಕ್ಸಿಟ್=ಯೆಸ್'.

'ಎಕ್ಸೆಕ್‌ಸ್ಟಾರ್ಟ್' ಸಾಲು ಶೆಲ್ ಅಲ್ಲ, ಇದೂ ತಿಳಿದಿರಲಿ. ಅಲ್ಲಿ ಪೈಪ್, '>', '&&' ಯಾವುದೂ ನಡೆಯುವುದಿಲ್ಲ.

ನಮ್ಮದು ಹಳೇ ಮಷೀನ್, ಸಿಸ್ಟಮ್‌ಡಿ ಇಲ್ಲ.

ಆಗ '/ಇಟಿಸಿ/ಇನಿಟ್.ಡಿ' ಒಳಗಿನ ಸ್ಕ್ರಿಪ್ಟ್, ಮತ್ತು ರನ್‌ಲೆವೆಲ್ (ಮಷೀನ್ ಯಾವ ಹಂತಕ್ಕೆ ಬೂಟ್ ಆಗಬೇಕು ಅನ್ನುವ ನಂಬರ್) ಫೋಲ್ಡರ್‌ಗಳಲ್ಲಿ ಅದಕ್ಕೆ ಕಟ್ಟಿದ ಲಿಂಕ್. 'ಎಸ್' ಇಂದ ಶುರುವಾದರೆ ಎಬ್ಬಿಸು, 'ಕೆ' ಇಂದ ಶುರುವಾದರೆ ಮಲಗಿಸು. ಮುಂದಿನ ಎರಡಂಕಿ ಸರದಿ. 'ಎಸ್20' ಇರುವ ನಿಮ್ಮ ಪ್ರೋಗ್ರಾಮ್ 'ಎಸ್64' ಇರುವ ಡೇಟಾಬೇಸ್‌ಗಿಂತ ಮೊದಲೇ ಎದ್ದು ಬೀಳುತ್ತದೆ. ಲಿಂಕ್ ಮೂರನೇ ಲೆವೆಲ್‌ನಲ್ಲಿದ್ದು ಮಷೀನ್ ಐದಕ್ಕೆ ಬೂಟ್ ಆಗುತ್ತಿದ್ದರೆ ಕರೆಯೇ ಬರುವುದಿಲ್ಲ, 'ರನ್‌ಲೆವೆಲ್' ಕಮಾಂಡ್ ಕೊಟ್ಟು ನೋಡಿ.

ಹಳೇ ರೆಡ್‌ಹ್ಯಾಟ್‌ನಲ್ಲಿ ಒಂದು ಕಿತಾಪತಿ ಇದೆ. ಸ್ಕ್ರಿಪ್ಟ್ ಎದ್ದಾಗ '/ವಾರ್/ಲಾಕ್/ಸಬ್‌ಸಿಸ್' ಒಳಗೆ ತನ್ನ ಹೆಸರಿನ ಫೈಲ್ ಮಾಡದಿದ್ದರೆ, ಶಟ್‌ಡೌನ್ ಆಗುವಾಗ ಅದನ್ನು ನಿಲ್ಲಿಸುವ ಸ್ಕ್ರಿಪ್ಟನ್ನು ಕರೆಯುವುದೇ ಇಲ್ಲ. ನೀಟಾಗಿ ರೀಬೂಟ್ ಮಾಡಿದರೂ ಕರೆಂಟ್ ಕಿತ್ತ ಹಾಗೇ ಆಗುತ್ತದೆ. ಪಿಐಡಿ ಫೈಲ್ ಉಳಿಯುತ್ತದೆ, ಮೇಲಿನ ಮಂಡಿ ಕಥೆ ಮರುಕಳಿಸುತ್ತದೆ.

ಲಿನಕ್ಸ್ ಬದಲು ಫ್ರೀಬಿಎಸ್‌ಡಿ, ಸೋಲಾರಿಸ್ ಥರದ ಬೇರೆ ಯುನಿಕ್ಸ್‌ಗಳೂ ಇವೆ. ಫ್ರೀಬಿಎಸ್‌ಡಿ ಇಟ್ಟುಕೊಂಡವರು 'ಆರ್‌ಸಿ.ಕಾನ್ಫ್'ನಲ್ಲಿ 'ಎನೇಬಲ್' ಸಾಲು ಇದೆಯಾ ನೋಡಿ. 'ಒನ್‌ಸ್ಟಾರ್ಟ್' ಕೊಟ್ಟರೆ ಆ ಸಾಲಿಲ್ಲದೆಯೂ ಓಡುತ್ತದೆ, ಅದಕ್ಕೇ ಮೋಸ ಹೋಗುತ್ತೀರಿ. ಸೋಲಾರಿಸ್ 10 ಅಥವಾ ಆಮೇಲಿನದು ಆದರೆ 'ಎಸ್‌ವಿಸಿಎಸ್ -ಎಕ್ಸ್' ಕೊಡಿ, ಯಾಕೆ ಬಿತ್ತು, ಲಾಗ್ ಎಲ್ಲಿದೆ ಅಂತ ಅದೇ ಹೇಳುತ್ತದೆ. ಇಷ್ಟು ಒಳ್ಳೆಯ ಉತ್ತರ ಬೇರೆ ಎಲ್ಲೂ ಸಿಗುವುದಿಲ್ಲ.

ಕ್ರಾನ್‌ನಲ್ಲಿ '@ರೀಬೂಟ್' ಹಾಕಿದ್ರೆ ಆಗಲ್ವಾ?

ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಮ್. '@ರೀಬೂಟ್' ಹಾಕಿದರೆ ಆಗುತ್ತದೆ, ಸಣ್ಣಪುಟ್ಟದಕ್ಕೆ. ಅದು ಕಾಯುವುದು ಕ್ರಾನ್ ಏಳುವುದನ್ನು ಮಾತ್ರ, ನೆಟ್‌ವರ್ಕನ್ನಲ್ಲ. ಬಿದ್ದರೆ ಎಬ್ಬಿಸುವವರೂ ಇಲ್ಲ.

ಮಷೀನೇ ಅರ್ಧಕ್ಕೆ ನಿಂತಿದೆ, ರೂಟ್ ಪಾಸ್‌ವರ್ಡ್ ಕೇಳುತ್ತಿದೆ.

ಬ್ಯಾಕಪ್‌ಗೆ ಅಂತ ಚುಚ್ಚಿದ್ದ ಯುಎಸ್‌ಬಿ ಡಿಸ್ಕನ್ನು ಯಾರೋ ಮನೆಗೆ ತಗೊಂಡು ಹೋಗಿದ್ದಾರೆ. ಬೂಟ್‌ನಲ್ಲಿ ಯಾವ ಡಿಸ್ಕ್ ಜೋಡಿಸಬೇಕು ಅನ್ನುವ 'ಎಫ್‌ಎಸ್‌ಟ್ಯಾಬ್' ಪಟ್ಟಿಯಲ್ಲಿ ಆ ಡಿಸ್ಕಿನ ಸಾಲು ಇದೆ, ಸಿಸ್ಟಮ್‌ಡಿ ತೊಂಬತ್ತು ಸೆಕೆಂಡ್ ಕಾದು ಎಮರ್ಜೆನ್ಸಿಗೆ ಬಿದ್ದಿದೆ. ಆ ಸಾಲಿಗೆ 'ನೋಫೇಲ್' ಸೇರಿಸಿ. ಹೀಗೆ ನಿಂತರೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ, ಗಾಡಿ ಹತ್ತಲೇಬೇಕು. ಮುಳಬಾಗಿಲಿಗೆ ಒಂದು ಸಲ ಇದಕ್ಕೇ ಹೋಗಿ ದೋಸೆ ತಿಂದು ಬಂದಿದ್ದೇನೆ, ಅದೊಂದೇ ಲಾಭ.

ಸರ್ಟಿಫಿಕೇಟ್ ಸರಿ ಇಲ್ಲ ಅಂತ ಬೀಳುತ್ತೆ, ನಿನ್ನೆ ಸರಿ ಇತ್ತು.

ಸರ್ಟಿಫಿಕೇಟ್‌ಗೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಆಯಸ್ಸು ಇರುತ್ತದೆ, ಮಷೀನ್ ಗಡಿಯಾರ ತಪ್ಪಿದರೆ ಅದೂ ತಪ್ಪು ಅನ್ನಿಸುತ್ತದೆ. 'ಡೇಟ್' ಕೊಡಿ. ಯಾವುದೋ ಹಳೇ ವರ್ಷ ತೋರಿಸಿದರೆ ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದೆ. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೇ ಸಿಗುತ್ತದೆ.

ಸರಿ ಮಾಡಿದ ಮೇಲೆ ನಿಜವಾಗಿ ರೀಬೂಟ್ ಮಾಡಿ ನೋಡ್ಲೇಬೇಕಾ?

ಮಾಡಲೇಬೇಕು, ಆದರೆ ಹರಾಜು ಮುಗಿದ ಮೇಲೆ. ಮಷೀನ್ ಮುಂದೆ ಮಾನಿಟರ್ ಹಿಡಿದು ಒಬ್ಬರು ಕೂತಿರಲಿ. ಅದಕ್ಕೂ ಮುಂಚೆ 'ಬ್ಯಾಶ್ -ಎನ್' ಕೊಟ್ಟು ಸ್ಕ್ರಿಪ್ಟಿನ ವ್ಯಾಕರಣ ನೋಡಿ, 'ಸಿಸ್ಟಮ್‌ಡಿ-ಅನಲೈಜ್ ವೆರಿಫೈ' ಕೊಟ್ಟು ಯೂನಿಟ್ ಫೈಲ್ ನೋಡಿ. ಎದ್ದ ಮೇಲೆ 'ಜರ್ನಲ್‌ಸಿಟಿಎಲ್ -ಬಿ -ಯು ಮಂಡಿ' ಓದಿ. ಹಿಂದಿನ ಬೂಟ್‌ನ ಲಾಗ್ ಬೇಕಾದರೆ '-ಬಿ -1', ಅದು ಸಿಗಬೇಕು ಅಂದರೆ '/ವಾರ್/ಲಾಗ್/ಜರ್ನಲ್' ಫೋಲ್ಡರ್ ಮೊದಲೇ ಇರಬೇಕು.

ನೀಟಾದ ರೀಬೂಟ್ ಒಂದನ್ನೇ ಮಾಡಿ ಬಿಡಬೇಡಿ. ಅದರಲ್ಲಿ ಪ್ರೋಗ್ರಾಮ್ ಮರ್ಯಾದೆಯಾಗಿ ನಿಲ್ಲುತ್ತದೆ, ಪಿಐಡಿ ಫೈಲ್ ಅಳಿಸಿಕೊಂಡೇ ಹೋಗುತ್ತದೆ. ಕರೆಂಟ್ ಹಾಗೆ ಕೇಳಿಕೊಂಡು ಹೋಗುವುದಿಲ್ಲವಲ್ಲ. 'ಕಿಲ್ -9' ಕೊಟ್ಟು ಪ್ರೋಗ್ರಾಮನ್ನು ಕೆಡವಿ, ಫೈಲ್ ಉಳಿದಿದೆಯಾ ನೋಡಿ, ಅದರೊಳಗಿನ ನಂಬರನ್ನು ಬೇರೆ ಯಾವುದಾದರೂ ಬದುಕಿರುವ ಪ್ರೊಸೆಸ್‌ನ ನಂಬರಿಗೆ ಬದಲಾಯಿಸಿ, ಆಮೇಲೆ ಸ್ಟಾರ್ಟ್ ಕೊಡಿ. ಆಗಲೂ ಎದ್ದರೆ ಜುಲೈಗೆ ನನಗೆ ಫೋನ್ ಮಾಡಬೇಕಾಗಿಲ್ಲ.